ಸರ್ಟಿಫಿಕೇಟಿನ ಲೆಕ್ಕ ಕೇಳೋಣ



ಕೇರಿ ಕೇರಿಗೆ ಕರಪತ್ರ ಬರ್ತಿದೆ: ಎಸ್ಸೆಸ್ಸೆಲ್ಸಿ ಆದವರಿಗೆ ಒಂದೇ ವರ್ಷದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ! ನಮ್ಮ ಕೇರಿಯ ಕೂಲಿಕಾರರೊಬ್ಬರು ಇದನ್ನು ನಂಬಿ ಮಗಳನ್ನು ಸೇರಿಸಿದರು. ಅವರ ಲೆಕ್ಕ ಓದಿ.

ಫೀಜು 40,000. ಹಾಸ್ಟೆಲು, ಯೂನಿಫಾರಂ 20,000. ಒಟ್ಟು 60,000 ಕೈಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಓದಿದ ವರ್ಷದ ಬಡ್ಡಿಗೆ ಅಪ್ಪನ ಕೂಲಿ ಹೋಯಿತು. ಈಗ ಹುಡುಗಿಯ ಸಂಬಳ 9,000. ಬಾಡಿಗೆ, ಊಟ, ಬಸ್ಸಿಗೆ 6,000. ಉಳಿದ 3,000ದಲ್ಲಿ ಬಡ್ಡಿಯೇ 1,800 ನುಂಗುತ್ತೆ. ಮನೆಯಲ್ಲಿ ಯಾರಿಗೂ ಜ್ವರ ಬರದಿದ್ದರೂ ಸಾಲ ತೀರೋಕೆ ಎರಡೂವರೆ ವರ್ಷ ಮೀರುತ್ತೆ!

ಕೆಲಸವಾದರೂ ಎಂಥದು? ಬೆಡ್‌ಪ್ಯಾನ್ ತೊಳೆಯೋದು, ನೆಲ ಒರೆಸೋದು. ತಲೆತಲಾಂತರದಿಂದ ಹೇಸಿಗೆ ಬಳಿಯೋ ಕೆಲಸವನ್ನು ನಮ್ಮ ಮೇಲೆ ಹೇರಿದರು. ಈಗ ಅದಕ್ಕೂ ನಮ್ಮಿಂದಲೇ ಫೀಜು ಕಟ್ಟಿಸಿಕೊಳ್ತಾರೆ. ರೋಗಿಯ ಸೇವೆ ಕೀಳಲ್ಲ. ಅದನ್ನು ನಮ್ಮ ಜಾತಿಗೇ ಕಟ್ಟಿ, ಮೇಲೇರೋ ಏಣಿ ಕಿತ್ಕೊಳ್ಳೋದು ಕೀಳು.

ಭಾರತೀಯ ನರ್ಸಿಂಗ್ ಪರಿಷತ್ತು ಒಪ್ಪುವ ಎ.ಎನ್.ಎಂ. 2 ವರ್ಷದ್ದು, ಜಿ.ಎನ್.ಎಂ. 3 ವರ್ಷದ್ದು. ಎರಡಕ್ಕೂ ಪಿ.ಯು.ಸಿ. ಪಾಸಾಗಿರಬೇಕು. ಒಂದು ವರ್ಷದ ಕಾಗದಕ್ಕೆ ನರ್ಸ್ ಅಂತ ನೋಂದಣಿ ಸಿಗೋದಿಲ್ಲ. ಎಸ್ಸೆಸ್ಸೆಲ್ಸಿಗೇ ನರ್ಸ್ ಮಾಡ್ತೀವಿ ಅಂತ ದಲ್ಲಾಳಿ ಬಾಯಿಬಿಟ್ಟ ಕೂಡಲೇ ಅದು ಮೋಸ ಅಂತ ತಿಳೀರಿ.

ಸಾಲ ಮಾಡೋ ಬದಲು ಮಗಳನ್ನು ಪಿ.ಯು.ಸಿ.ಗೆ ಕಳಿಸಿ. ವಿದ್ಯಾರ್ಥಿವೇತನ, ಸರ್ಕಾರಿ ಹಾಸ್ಟೆಲು, ಸರ್ಕಾರಿ ನರ್ಸಿಂಗ್ ಸೀಟು ಭಿಕ್ಷೆಯಲ್ಲ, ಹಕ್ಕು. ಕೊಡದಿದ್ದರೆ ಒಬ್ಬೊಬ್ಬರೇ ಅಳೋದು ಬೇಡ. ಒಟ್ಟಾಗಿ ಸಮಾಜ ಕಲ್ಯಾಣ ಇಲಾಖೆಯ ಬಾಗಿಲಲ್ಲಿ ಕೂರೋಣ.

ಜೈ ಭೀಮ್!