ಆಡಳಿತಾಧಿಕಾರಿಯ ವಾಸ ಎಲ್ಲಿ?

ಲಕ್ಷದ್ವೀಪಕ್ಕೆ ವಿಧಾನಸಭೆಯಿಲ್ಲ, ಮುಖ್ಯಮಂತ್ರಿಯೂ ಇಲ್ಲ. ಹತ್ತು ಜನವಸತಿ ದ್ವೀಪಗಳು, ಒಟ್ಟು 32 ಚದರ ಕಿಲೋಮೀಟರ್ ನೆಲ, 2011ರ ಜನಗಣತಿಯಂತೆ 64 ಸಾವಿರದಷ್ಟು ಜನ. ಅವರಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಮಂದಿ ಮುಸ್ಲಿಮರು. ಇವರೆಲ್ಲರ ಶಾಲೆ, ಹಡಗು, ಆಸ್ಪತ್ರೆ, ಅಡುಗೆಮನೆಗಳವರೆಗೂ ದೆಹಲಿಯಿಂದ ನೇಮಕಗೊಳ್ಳುವ ಓರ್ವ ಆಡಳಿತಾಧಿಕಾರಿಯ ಸಹಿ ಚಾಚಿಕೊಂಡಿದೆ. ಆದ್ದರಿಂದ ಅಲ್ಲಿ ಅಧಿಕಾರಿಯೊಬ್ಬನ ವೃತ್ತಿಜೀವನವೆಂಬುದು ಆತನ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ.

ಮೂರ್ಕೋತ್ ರಾಮುಣ್ಣಿಯವರನ್ನು ಇಂದು ಎಷ್ಟು ಮಂದಿ ಬಲ್ಲರು? ಮಲಯಾಳಂ ಕಥೆಗಾರ ಮೂರ್ಕೋತ್ ಕುಮಾರನ್ ಅವರ ಪುತ್ರ. ಎರಡನೇ ಮಹಾಯುದ್ಧದ ಕಾಲದ ವಾಯುಪಡೆಯ ವಿಮಾನ ಚಾಲಕ. ಬಳಿಕ ಗಡಿ ಆಡಳಿತ ಸೇವೆಗೆ ಸೇರಿ ನಾಗಾ ಜನರ ನಡುವೆ ದುಡಿದವರು. 1961ರಲ್ಲಿ ಅವರು ಈ ದ್ವೀಪಗಳ ಆಡಳಿತಾಧಿಕಾರಿಯಾದಾಗ ಸರಕಾರಿ ಕಚೇರಿ ಇದ್ದುದು ದ್ವೀಪದಲ್ಲಲ್ಲ, ಕೋಝಿಕ್ಕೋಡಿನಲ್ಲಿ! ಮಳೆಗಾಲದಲ್ಲಿ ಕಡಲು ಮುಚ್ಚಿದರೆ ತಿಂಗಳುಗಟ್ಟಲೆ ಪ್ರಜೆಗಳು ಒಂದು ಕಡೆ, ಪ್ರಭುತ್ವ ಇನ್ನೊಂದು ಕಡೆ.

ಈ ದೂರದ ಆಳ್ವಿಕೆ ಮಂಗಳೂರಿಗೂ ಅಪರಿಚಿತವೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಮಹಿಳೆಯರು ಹೊಸೆದ ತೆಂಗಿನ ನಾರಿನ ಹುರಿಯನ್ನು ಸರಕಾರಕ್ಕೇ, ಅದು ಕಟ್ಟಿದ ಬೆಲೆಗೇ ಒಪ್ಪಿಸಬೇಕಿತ್ತು. ಪ್ರತಿಯಾಗಿ ಮಂಗಳೂರಿನಿಂದ ಅಕ್ಕಿ ಹೋಗುತ್ತಿತ್ತು. ಬೆಲೆ ನಿರ್ಧರಿಸುವಾತ ಹುರಿ ಹೊಸೆಯುವ ಕೈಗಳನ್ನು ಕಂಡವನಾಗಿರಬೇಕೆಂಬ ನಿಯಮವೇನೂ ಇರಲಿಲ್ಲ.

ರಾಮುಣ್ಣಿಯವರ ಅಧಿಕಾರಾವಧಿಯಲ್ಲಿ, 1964ರಲ್ಲಿ, ಆಡಳಿತ ಕೇಂದ್ರವು ಕವರತ್ತಿಗೆ ಸ್ಥಳಾಂತರಗೊಂಡಿತು. ನಗರದ ಸೌಕರ್ಯಗಳನ್ನು ಬಿಟ್ಟು ತೆಂಗಿನ ತೋಟಗಳ ನಡುವೆ ಬದುಕಲು ಗುಮಾಸ್ತರಿಂದ ಹಿರಿಯ ಅಧಿಕಾರಿಗಳವರೆಗೆ ಯಾರು ತಾನೇ ಸಂತೋಷದಿಂದ ಹೊರಟಾರು? ಆದರೂ ಕಚೇರಿ ಹೊರಟಿತು. ದ್ವೀಪವಾಸಿ ಕುಡಿಯುವ ನೀರನ್ನೇ ಅಧಿಕಾರಿಯೂ ಕುಡಿಯುವಂತಾಯಿತು. ಈ ಒಂದು ಬದಲಾವಣೆಯನ್ನು ಹತ್ತು ಯೋಜನೆಗಳಿಗಿಂತ ಮಿಗಿಲೆಂದು ನಾವು ಭಾವಿಸುತ್ತೇವೆ.

2020ರ ಡಿಸೆಂಬರ್‌ನಲ್ಲಿ ದಿನೇಶ್ವರ್ ಶರ್ಮಾ ನಿಧನರಾದ ಬಳಿಕ ಆ ಹೊಣೆ ಪ್ರಫುಲ್ ಖೋಡಾ ಪಟೇಲರಿಗೆ ದೊರೆಯಿತು. ಅವರು ಗುಜರಾತಿನ ಮಾಜಿ ಸಚಿವರು. ಆಗಲೇ ದಾದ್ರಾ-ನಗರ್ ಹವೇಲಿ ಮತ್ತು ದಮನ್-ದಿಯುವಿನ ಆಡಳಿತಾಧಿಕಾರಿಯೂ ಆಗಿದ್ದರು. ಕೆಲವೇ ತಿಂಗಳುಗಳಲ್ಲಿ ಕರಡು ಶಾಸನಗಳ ಸಾಲು ಹೊರಬಿತ್ತು: ಅಭಿವೃದ್ಧಿಯ ಹೆಸರಿನಲ್ಲಿ ಭೂಮಿ ವಶಪಡಿಸಿಕೊಳ್ಳುವ ಅಧಿಕಾರ, ವಿಚಾರಣೆಯಿಲ್ಲದ ಬಂಧನ, ಗೋಹತ್ಯೆ ನಿಷೇಧ, ಎರಡಕ್ಕಿಂತ ಹೆಚ್ಚು ಮಕ್ಕಳಿರುವವರಿಗೆ ಪಂಚಾಯತ್ ಚುನಾವಣೆಯಲ್ಲಿ ಸ್ಪರ್ಧಿಸಲು ತಡೆ. ಶಾಲಾ ಮಕ್ಕಳ ಊಟದಿಂದ ಮಾಂಸವೂ ಮಾಯವಾಯಿತು. ಕೇರಳ ಹೈಕೋರ್ಟ್ 2021ರ ಜೂನ್‌ನಲ್ಲಿ ಈ ಊಟದ ಆದೇಶಕ್ಕೆ ತಡೆ ನೀಡಿತು. ಆದರೆ 2023ರಲ್ಲಿ ಸುಪ್ರೀಂ ಕೋರ್ಟ್, ಇದು ನೀತಿಗೆ ಸಂಬಂಧಿಸಿದ ವಿಷಯವೆಂದು ಅರ್ಜಿಯನ್ನು ವಜಾಗೊಳಿಸಿತು.

ನೀತಿಯೇ ಸರಿ. ಆದರೆ ಯಾರ ನೀತಿ? ಸಂವಿಧಾನದ 240ನೇ ವಿಧಿಯಂತೆ ಲಕ್ಷದ್ವೀಪದ ಕಾನೂನುಗಳನ್ನು ರಾಷ್ಟ್ರಪತಿಯ ಹೆಸರಿನಲ್ಲಿ ದೆಹಲಿಯೇ ರಚಿಸಬಹುದು. ದ್ವೀಪವಾಸಿಗಳ ಪಾಲಿಗೆ ಸಂಸತ್ತಿನಲ್ಲಿ ಇರುವುದು ಒಂದೇ ಸ್ಥಾನ. ಅದನ್ನೂ ಮತದಿಂದ ತುಂಬುವ ಹಕ್ಕು ದೊರೆತದ್ದು 1967ರಲ್ಲಿ. ರಾಮುಣ್ಣಿಯಂತಹವರು ಬಂದದ್ದು ದ್ವೀಪದ ಅದೃಷ್ಟ, ಆದರೆ ಅವರನ್ನೂ ದ್ವೀಪವಾಸಿಗಳು ಆರಿಸಿರಲಿಲ್ಲ. ಪುದುಚೇರಿಗೆ ವಿಧಾನಸಭೆ ಒದಗಿಸಿದ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 1963ರಲ್ಲಿ, ಕವರತ್ತಿಗೆ ಕಚೇರಿ ಬರುವುದಕ್ಕೆ ಒಂದು ವರ್ಷ ಮೊದಲು.