ಉಳಿ ಯಜಮಾನರದು, ಕುಂಚ ಯಾರದು?

ಹೊಸದುರ್ಗದಂಥ ಊರಿನಲ್ಲಿ ಗಂಡಹೆಂಡಿರು ಕೂಡಿ ಒಂದು ಸಣ್ಣ ಕಾರ್ಯಾಗಾರವನ್ನು ತೆರೆದರೆಂದು ಇಟ್ಟುಕೊಳ್ಳಿ. ಆತ ತೊಟ್ಟಿಲು, ಹಸೆಮಣೆ, ದೇವರ ಮಂಟಪಗಳನ್ನು ಕೆತ್ತುತ್ತಾನೆ. ಆಕೆ ಅವುಗಳ ಮೇಲೆ ಬಳ್ಳಿ, ಹೂವು, ಗಿಳಿಗಳನ್ನು ಬರೆಯುತ್ತಾಳೆ. ಗಿರಾಕಿಗಳಿಗೇನೂ ಬರವಿರಲಾರದು. ಮದುವೆಯ ಮನೆಗಳುಂಟು, ಜಾತ್ರೆ ನಡೆಯುವ ಗುಡಿಗಳುಂಟು. ರಂಗಸಜ್ಜಿಕೆಯ ಕೆಲಸ ಕೇಳೋಣವೆಂದರೆ 1997ರಲ್ಲಿ ಆರಂಭವಾದ ಶಿವಸಂಚಾರದ ಸಾಣೇಹಳ್ಳಿ ಅದೇ ತಾಲ್ಲೂಕಿನದು. ಎಲ್ಲವೂ ಸರಿಯೆ. ಆದರೆ ಅಂಗಡಿಯ ಹಲಗೆಯ ಮೇಲೆ ಯಾರ ಹೆಸರನ್ನು ಬರೆಸುವುದು?

ಇದನ್ನು ವಾಚಕರು ನಕ್ಕು ಬಿಡಬಾರದು. ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಪಿ.ಎಂ. ವಿಶ್ವಕರ್ಮ ಯೋಜನೆಯನ್ನು ಆರಂಭಿಸಿತು. ಉಪಕರಣಗಳಿಗೆ 15,000 ರೂಪಾಯಿಗಳವರೆಗೆ ನೆರವು. ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ಸಾಲ. ಆದರೆ ನೋಂದಣಿ ಕುಟುಂಬಕ್ಕೊಬ್ಬರಿಗೆ ಮಾತ್ರ; ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿದರೆ ಒಂದು ಕುಟುಂಬವೆಂದು ಲೆಕ್ಕ. ಹೆಸರಿಸಿರುವ 18 ಕಸುಬುಗಳಲ್ಲಿ ಬಡಗಿಯಿದ್ದಾನೆ, ಗೊಂಬೆ ಮಾಡುವವರಿದ್ದಾರೆ. ಬರಿಯ ಬಣ್ಣಗಾರಿಕೆ ಕಾಣದು. ಹೀಗಿರಲು ಅರ್ಜಿಯಲ್ಲಿ ಯಜಮಾನರ ಹೆಸರೇ ಬೀಳುವುದೆಂದು ಊಹಿಸಲು ಜ್ಯೋತಿಷ ಬೇಕಿಲ್ಲ.

ಬಣ್ಣವೇನು ಕೊನೆಯಲ್ಲಿ ಬಳಿಯುವ ಲೇಪವೇ? ಕೊಪ್ಪಳದ ಸಮೀಪದ ಕಿನ್ನಾಳವನ್ನು ನೋಡಿರಿ. ಅಲ್ಲಿಯ ಚಿತ್ರಗಾರರ ಪೂರ್ವಿಕರೇ ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಚಿತ್ರ ಬರೆದವರೆಂದು ಪ್ರತೀತಿ. ಹಗುರವಾದ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಅಂಗಾಂಗಗಳನ್ನು ಜೋಡಿಸುತ್ತಾರೆ. ನೆನೆಸಿ ಒಣಗಿಸಿ ಪುಡಿಮಾಡಿದ ಗೋಣಿಚಿಂದಿ, ಮರದ ಹೊಟ್ಟು, ಹುಣಿಸೆಯಂಟು ಇವು ಕೂಡಿದರೆ ಕಿಟ್ಟ, ಅದನ್ನು ಮೆತ್ತಬೇಕು. ಒಡವೆಗಳ ಉಬ್ಬು ಬರಲು ಬೆಣಚುಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಬೇಕು. ಬಿಳಿಯ ಲೇಪ ಒಣಗಿದ ಬಳಿಕವಷ್ಟೇ ಬಣ್ಣದ ಸರದಿ. ಅರೆಯುವುದು, ಕಲಸುವುದು, ಒಣಗಲು ಕಾಯುವುದು, ಇದಿಷ್ಟೂ ಮನೆಯೊಳಗಿನ ಕೆಲಸದಂತೆಯೇ ಕಾಣುವುದರಿಂದ ಕೂಲಿಯ ಲೆಕ್ಕದಿಂದ ಜಾರಿಹೋಗುತ್ತದೆ. ಅಡಿಗೆಗೆ ಕೂಲಿಯುಂಟೇ ಎಂಬ ಧಾಟಿ!

ನನ್ನ ಅಭಿಪ್ರಾಯ ಹೀಗಿದೆ. ಆಕೆಯೂ ಗೊಂಬೆಗಳನ್ನು ಮಾಡಬಲ್ಲವಳಾದರೆ ಆ ಕಸುಬಿನಲ್ಲಿ ಆಕೆಯ ಹೆಸರನ್ನೇ ನೋಂದಾಯಿಸಲಿ. ಆತನಿಗೆ ಮರದ ಅಡ್ಡೆಯಲ್ಲಿ ಸಾಲವೂ ಹೆಸರೂ ಹೇಗೂ ಹುಟ್ಟುತ್ತವೆ. ಅಂಗಡಿಯನ್ನು ಮಾತ್ರ ಇಬ್ಬರ ಪಾಲುದಾರಿಕೆಯಾಗಿ ಬರಹದಲ್ಲಿಡಲಿ. 1932ರ ಪಾಲುದಾರಿಕೆ ಕಾಯಿದೆ ಸತಿಪತಿಗಳಿಗೆ ಅಡ್ಡಿಮಾಡುವುದಿಲ್ಲ. ಲಾಭದ ಪಾಲನ್ನು ಪತ್ರದಲ್ಲಿ ಅಂಕಿಯಲ್ಲಿಯೇ ಬರೆಯಿಸಬೇಕು. "ಮನೆಯದೇ ಹಣವಲ್ಲವೆ" ಎಂಬ ಮಾತು ವ್ಯವಹಾರ ಚೆನ್ನಾಗಿರುವವರೆಗೆ ಮಾತ್ರ ಇಂಪಾಗಿರುತ್ತದೆ.

ಇನ್ನು ರಸೀತಿ. ಮರದ ಬೆಲೆ, ಕೆತ್ತನೆಯ ಕೂಲಿ, ಬಣ್ಣದ ಸಾಮಾನು, ಬಣ್ಣದ ಕೂಲಿ ಎಂದು ನಾಲ್ಕು ಸಾಲುಗಳಿರಲಿ. ತೊಟ್ಟಿಲು ಕೊಳ್ಳಲು ಬಂದ ಅಜ್ಜಿ ನಾಲ್ಕನೆಯ ಸಾಲಿಗೇ ಬೆರಳಿಟ್ಟು, "ಇದಕ್ಕೂ ದುಡ್ಡೇನವ್ವಾ?" ಎಂದು ಕೇಳದೆ ಇರಲಾರಳು. ಆಗ ಉತ್ತರ ಹೇಳಬೇಕಾದವನು ಉಳಿ ಹಿಡಿದು ಪಕ್ಕದಲ್ಲಿ ಕುಳಿತಿರುವಾತ.