ಪಾಮನಕಲ್ಲೂರಿಗೆ ಮೊದಲು ಮನೋವೈದ್ಯರು ಬರಲಿ

ಕಿವಿಗೆ ಕ್ಲಿಪ್ ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ಮೇಲೆ ಕೆಳಗೆ ಆಡುವ ಚೆಂಡು ನೋಡುತ್ತ ಉಸಿರಾಡಿದರೆ ಖಿನ್ನತೆ ಹೋಗುತ್ತದಂತೆ, ಗುಳಿಗೆಯೇ ಬೇಡವಂತೆ. ಎಚ್‌ಆರ್‌ವಿ ಬಯೋಫೀಡ್‌ಬ್ಯಾಕ್ (ಎದೆಬಡಿತದ ಏರಿಳಿತ ನೋಡುತ್ತ ಉಸಿರು ಹದಗೊಳಿಸುವ ವಿಧಾನ) ಹೆಸರಿನಲ್ಲಿ ಹೀಗೆ ಹೇಳಿಕೊಂಡು ತಿರುಗುವವರ ಮೇಲೆ ನನಗೆ ಸಿಟ್ಟಿದೆ.

ಉಸಿರು ಎಳೆದಾಗ ಎದೆಬಡಿತ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ನಿಮಿಷಕ್ಕೆ ಆರರಷ್ಟು ಉಸಿರಾಡಿದರೆ ಆ ಏರಿಳಿತ ಹಿಗ್ಗುತ್ತದೆ, ಮೈ ಹಗುರಾಗುತ್ತದೆ. ಇದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಈ ವಿಧಾನದ 14 ಪ್ರಯೋಗಗಳ 794 ಜನರ ಲೆಕ್ಕ ಒಟ್ಟು ಹಾಕಿದ 2021ರ ವಿಶ್ಲೇಷಣೆಯಲ್ಲಿ ಖಿನ್ನತೆಯ ಲಕ್ಷಣಗಳ ಮೇಲೆ ಸಿಕ್ಕ ಪರಿಣಾಮದ ಅಳತೆ 0.38. ಸಂಶೋಧನೆಯ ಭಾಷೆಯಲ್ಲಿ ಇದು ದೊಡ್ಡ ಪರಿಣಾಮವಲ್ಲ. ಆ 794 ಜನರೆಲ್ಲ ಖಿನ್ನತೆಯ ರೋಗಿಗಳೂ ಅಲ್ಲ. ಗುಳಿಗೆ ಬಿಡಿ ಎನ್ನುವ ಧೈರ್ಯ ಇವರಿಗೆ ಎಲ್ಲಿಂದ ಬಂತು?

ಉಸಿರಿನ ಪರವಾಗಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಹೆಸರು ಹೇಳುವವರು 2000ದಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವನ್ನು ಪೂರ್ತಿ ಓದಲಿ. ತೀವ್ರ ಖಿನ್ನತೆಯ 45 ರೋಗಿಗಳಲ್ಲಿ ವಿದ್ಯುತ್ ಚಿಕಿತ್ಸೆಯಿಂದ ಶೇ 93, ಇಮಿಪ್ರಮಿನ್ ಗುಳಿಗೆಯಿಂದ ಶೇ 73, ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸದಿಂದ ಶೇ 67 ಮಂದಿ ಚೇತರಿಸಿಕೊಂಡರು. ಅವರೆಲ್ಲ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು ಇದ್ದವರು. ಹದಗೆಟ್ಟರೆ ಕೈಹಿಡಿಯಲು ಪಕ್ಕದಲ್ಲೇ ಜನರಿದ್ದರು.

ರಾಯಚೂರು ಜಿಲ್ಲೆಯ ನಮ್ಮ ಪಾಮನಕಲ್ಲೂರು ಕಡೆ ಯಾರಿದ್ದಾರೆ? ನಾಟಿ ಮುಗಿಸಿ ಬಂದ ಹೆಣ್ಣುಮಗಳು ಖಿನ್ನತೆ ಎಂಬ ಮಾತೇ ಆಡುವುದಿಲ್ಲ. 'ಎದಿ ಹೊಡಕೊಂತೈತ್ರಿ, ನಿದ್ದಿ ಬರವಲ್ದು, ಯಾವದ್ರಾಗೂ ಮನಸಿಲ್ಲ' ಎನ್ನುತ್ತಾಳೆ. ಅವಳಿಗೆ ಒಂದು ಸೂಜಿ, ಒಂದು ಸಲೈನ್ ಬಾಟ್ಲಿ. ಸಾಲ ತಲೆಗೆ ಹತ್ತಿದ ರೈತನ ಕೈಗೆಟಕುವಷ್ಟು ಹತ್ತಿರದಲ್ಲಿ, ಹತ್ತಿಗೆ ಹೊಡೆಯಲು ತಂದ ಎಣ್ಣೆ ಡಬ್ಬಿ ಇರುತ್ತದೆ. ಅವನಿಗೆ ಚೆಂಡು ತೋರಿಸಿ ಗುಳಿಗೆ ಬಿಡಿಸುವುದು ಅಪರಾಧ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿದ್ದೂ ನಿಮ್ಹಾನ್ಸೇ. ಅದರ ಪ್ರಕಾರ ಖಿನ್ನತೆ ಇರುವ ನೂರು ಜನರಲ್ಲಿ 85 ಮಂದಿಗೆ ಯಾವ ಚಿಕಿತ್ಸೆಯೂ ಇಲ್ಲ. ಎಂಬತ್ತೈದು! ಗುಳಿಗೆ ಹೆಚ್ಚಾಯಿತು ಎಂದು ಬೆಂಗಳೂರಿನಲ್ಲಿ ಚರ್ಚಿಸುವವರು ಈ ಸಂಖ್ಯೆಯ ಮುಂದೆ ನಿಂತು ಮಾತಾಡಲಿ. ಇಲ್ಲಿ ಗುಳಿಗೆ ಮುಟ್ಟಿಯೇ ಇಲ್ಲ.

ದಾರಿ ಗೊತ್ತಿಲ್ಲದೆ ಆದದ್ದಲ್ಲ ಇದು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಔಷಧ ಕೊಡಿಸಬಹುದೆಂದು ನಿಮ್ಹಾನ್ಸ್ 1985ರಿಂದ 1990ರವರೆಗೆ ಪಕ್ಕದ ಬಳ್ಳಾರಿಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದೇ ಮಾದರಿಯಿಂದ. ದೇಶಕ್ಕೆ ಮಾದರಿ ಕೊಟ್ಟ ನೆಲದ ಮಗ್ಗುಲಲ್ಲೇ ಇರುವ ನಾವು ಇಂದು ಆ್ಯಪ್ ನಂಬಬೇಕೇ?

ನಮ್ಮ ಪಾಲಿಗೆ ಯಾವುದು ತಾನೇ ಕೇಳದೆ ಬಂದಿದೆ? ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು. 2021ರ ಮಸ್ಕಿ ಉಪಚುನಾವಣೆಯಲ್ಲಿ ಅದು ಎಲ್ಲರ ಬಾಯಲ್ಲೂ ಇತ್ತು. ಏಮ್ಸ್ ಬೇಕೆಂದು 2022ರ ಮೇ 13ರಿಂದ ರಾಯಚೂರಿನಲ್ಲಿ ಕೂತವರು ಸಾವಿರ ದಿನ ದಾಟಿಸಿದರು. ನೀರಿಗೂ ಧರಣಿ, ಆಸ್ಪತ್ರೆಗೂ ಧರಣಿ. ಇನ್ನು ಮನಸ್ಸಿನ ಬೇನೆಗೂ ಪೆಂಡಾಲ್ ಹಾಕಿಸಬೇಡಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎಂದಿದೆ. ರಾಜ್ಯದ ಮನೋಚೈತನ್ಯ ಯೋಜನೆಯ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಮಸ್ಕಿ, ಸಿಂಧನೂರು, ಲಿಂಗಸುಗೂರಿನಲ್ಲಿ ತಪ್ಪದೆ ನಡೆಯಲಿ, ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಮುಗಿಯದಿರಲಿ. ಆಮೇಲೆ ಬೇಕಾದವರು ಜೊತೆಗೆ ಉಸಿರಾಟವನ್ನೂ ಕಲಿಯಲಿ.

ಗುಳಿಗೆ ತಗೊಳ್ಳುತ್ತಿರುವವರು ಯಾರ ಮಾತಿಗೂ ತಟ್ಟನೆ ಬಿಡಬೇಡಿ, ವೈದ್ಯರನ್ನು ಕೇಳಿ. ಜೀವ ಬೇಡವೆನ್ನಿಸಿದರೆ ಹಗಲಾಗಲಿ ರಾತ್ರಿಯಾಗಲಿ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ.